ಅಪ್ಪನ ಮೆದುಳಿನ ಹಿಂದೆ ಒಂದು ರಕ್ತನಾಳ ಸಣ್ಣದಂತೆ, ಸ್ಟೆಂಟ್ ಹಾಕಿಸಬೇಕಾ?

ಓದುಗರ ಪ್ರಶ್ನೆ, ಡಾಕ್ಟರಮ್ಮನ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಕ್ಯಾನ್ ರಿಪೋರ್ಟಿನವೇ. ಅದರಲ್ಲೂ ತಲೆಯ ಹಿಂಭಾಗದ ರಕ್ತನಾಳಗಳ ಬಗ್ಗೆ. ನಾನು ಬಳ್ಳಾರಿಯಲ್ಲಿ ರೇಡಿಯಾಲಜಿಸ್ಟ್, ಇಂಥ ರಿಪೋರ್ಟುಗಳನ್ನು ಬರೆಯುವುದೇ ನನ್ನ ಕೆಲಸ. ನಾವು ಬರೆಯುವುದು ಇನ್ನೊಬ್ಬ ಡಾಕ್ಟರಿಗೆ. ಆದರೆ ಅವರ ಟೇಬಲ್ ತಲುಪುವ ಮೊದಲೇ ಅದು ವಾಟ್ಸ್‌ಆ್ಯಪಿನಲ್ಲಿ ಬೀಗರ ಮನೆ ತಲುಪಿರುತ್ತದೆ. ಹಾಗಾಗಿ ಈ ಸಲದ ಪುಟ ಪೂರ್ತಿ ಇದಕ್ಕೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಫಿಲ್ಮ್ ನಾನು ನೋಡಿಲ್ಲ, ನಿಮ್ಮ ನಾಡಿ ಹಿಡಿದಿಲ್ಲ. ಇಲ್ಲಿ ಓದಿದ್ದನ್ನು ನಂಬಿ ಯಾರೂ ಮಾತ್ರೆ ನಿಲ್ಲಿಸಬೇಡಿ.

ಪ್ರ: ಮೇಡಂ, ನಮ್ಮ ತಂದೆಗೆ 58 ವರ್ಷ. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಬಿಪಿ ಇದೆ, ಮಾತ್ರೆ ನೆನಪಾದಾಗ ತಗೊಳ್ತಾರೆ. ಆಗಾಗ ಚಕ್ಕರ್ ಬರ್ತದೆ ಅಂದರು ಅಂತ ಎಂಆರ್‌ಐ, ಜೊತೆಗೆ ಎಂಆರ್ ಆಂಜಿಯೋ ಮಾಡಿಸಿದೆವು. 'ಬಲಗಡೆ ವರ್ಟಿಬ್ರಲ್ ಆರ್ಟರಿ ಹೈಪೋಪ್ಲಾಸ್ಟಿಕ್, ಎಡಗಡೆ ಪಿಸಿಎ ಫೀಟಲ್ ಒರಿಜಿನ್' ಅಂತ ಬರೆದಿದ್ದಾರೆ. ಮೆದುಳಿನಲ್ಲಿ ಬೇರೇನೂ ತೊಂದರೆ ಇಲ್ಲ ಅಂತಲೂ ಇದೆ. ನಮ್ಮ ಸೋದರಮಾವ 'ನರ ಬತ್ತಿ ಹೋಗ್ಯಾವ, ಹೈದರಾಬಾದಿಗೆ ಕರ್ಕೊಂಡು ಹೋಗಿ ಸ್ಟೆಂಟ್ ಹಾಕಿಸ್ರಿ' ಅಂತ ಕೂತಿದ್ದಾರೆ. ಅಪ್ಪ ಊಟ ಬಿಟ್ಟಿದ್ದಾರೆ. ಏನು ಮಾಡೋಣ?
– ಒಬ್ಬ ಮಗ, ಕಾರಟಗಿ

ಉ: ಮೊದಲು ಅಪ್ಪನಿಗೆ ಊಟ ಮಾಡಿಸಿ. ಹೈದರಾಬಾದಿನ ಟಿಕೆಟ್ ಸದ್ಯಕ್ಕೆ ಬೇಡ. ಮಾವನವರ ಕಾಳಜಿ ಅರ್ಥವಾಗುತ್ತದೆ, ಆದರೆ ಅದು ನರವೂ ಅಲ್ಲ, ಬತ್ತಿದ್ದೂ ಅಲ್ಲ.

ಮೆದುಳಿಗೆ ರಕ್ತ ಹೋಗುವುದು ನಾಲ್ಕು ದಾರಿಯಲ್ಲಿ. ಎರಡು ಕುತ್ತಿಗೆಯ ಮುಂದೆ. ದವಡೆಯ ಕೆಳಗೆ ಬೆರಳಿಟ್ಟರೆ ಬಡಿತ ಸಿಗುತ್ತದಲ್ಲ, ಅವೇ ಕೆರೋಟಿಡ್‌ಗಳು. ಇನ್ನೆರಡು ಕುತ್ತಿಗೆಯ ಹಿಂದೆ, ವರ್ಟಿಬ್ರಲ್‌ಗಳು. ಇವು ಕೈಗೆ ಹೋಗುವ ದೊಡ್ಡ ರಕ್ತನಾಳದಿಂದ ಹೊರಡುತ್ತವೆ. ಕುತ್ತಿಗೆಯ ಏಳು ಎಲುಬುಗಳಿಗೂ ಎಡಕ್ಕೊಂದು ಬಲಕ್ಕೊಂದು ತೂತು ಇದೆ. ಹೆಚ್ಚಿನವರಲ್ಲಿ ಈ ರಕ್ತನಾಳ ಆರನೇ ಎಲುಬಿನ ತೂತಿಗೆ ಹೊಕ್ಕು, ಒಂದೊಂದೇ ಎಲುಬು ಹತ್ತಿ, ಮೊದಲನೇ ಎಲುಬಿನ ಮೇಲೆ ಹಿಂದಕ್ಕೆ ಬಳಸಿಕೊಂಡು ತಲೆಬುರುಡೆಯ ಒಳಗೆ ಹೋಗುತ್ತದೆ. ಒಳಗೆ ಎರಡೂ ಸೇರಿ ಒಂದಾಗುತ್ತವೆ. ಅದಕ್ಕೆ ಬೇಸಿಲಾರ್ ಅಂತ ಹೆಸರು. ಮೆದುಳಿನ ಕಾಂಡ, ಕಿರುಮೆದುಳು ಇದರ ಪಾಲಿನವು. ಮೇಲೆ ಹೋಗಿ ಬೇಸಿಲಾರ್ ಮತ್ತೆ ಎರಡಾಗಿ ಕವಲೊಡೆದು ಹಿಂದಲೆಗೆ, ಅಂದರೆ ಕಣ್ಣು ಕಂಡದ್ದನ್ನು ಮೆದುಳು ಅರ್ಥಮಾಡಿಕೊಳ್ಳುವ ಜಾಗಕ್ಕೆ ರಕ್ತ ಕೊಡುತ್ತದೆ. ಆ ಕವಲುಗಳೇ ನಿಮ್ಮ ರಿಪೋರ್ಟಿನ ಪಿಸಿಎ. ಮೆದುಳಿಗೆ ಹೋಗುವ ಒಟ್ಟು ರಕ್ತದಲ್ಲಿ ಈ ಹಿಂದಿನ ದಾರಿಯದು ಸುಮಾರು ಐದನೇ ಒಂದು ಪಾಲು. ಪಾಲು ಸಣ್ಣದಾದರೂ ಉಸಿರಾಟ, ನುಂಗುವುದು, ಎಚ್ಚರ, ತೂಕ ತಪ್ಪದೆ ನಿಲ್ಲುವುದು ಎಲ್ಲ ಅಲ್ಲೇ ಇವೆ.

ಈಗ ನಿಮ್ಮ ತಂದೆಯ ಬಲಗಡೆಯ ವಿಷಯ. ಎರಡು ವರ್ಟಿಬ್ರಲ್‌ಗಳು ಒಂದೇ ಗಾತ್ರದಲ್ಲಿ ಇರಬೇಕು ಅನ್ನುವುದು ನಮ್ಮ ಆಸೆ ಅಷ್ಟೇ. ನಿಜದಲ್ಲಿ ಸುಮಾರು ಅರ್ಧ ಜನರಿಗೆ ಎಡಗಡೆಯದು ದೊಡ್ಡದು, ಕಾಲು ಭಾಗ ಜನರಿಗೆ ಬಲಗಡೆಯದು. ಎರಡೂ ಸಮ ಇರುವವರು ಉಳಿದ ಕಾಲು ಭಾಗ ಮಾತ್ರ. ಸಾಮಾನ್ಯವಾಗಿ ಇದರ ಅಗಲ 3ರಿಂದ 4 ಮಿಲಿಮೀಟರ್. 2 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ನಾವು ಹೈಪೋಪ್ಲಾಸ್ಟಿಕ್ ಅಂತ ಬರೆಯುತ್ತೇವೆ. ಕೆಲವರು ಆ ಗೆರೆಯನ್ನು 2.5ಕ್ಕೆ, ಇನ್ನು ಕೆಲವರು 3ಕ್ಕೆ ಎಳೆಯುತ್ತಾರೆ. ಅಂದರೆ ಅದೇ ಫಿಲ್ಮನ್ನು ಇನ್ನೊಬ್ಬರು ನೋಡಿದ್ದರೆ 'ನಾರ್ಮಲ್' ಅಂತ ಬರೆದು ಕಳಿಸಿರುತ್ತಿದ್ದರು, ನೀವು ಈ ಪತ್ರ ಬರೆಯುತ್ತಲೇ ಇರಲಿಲ್ಲ!

ಹುಟ್ಟಿನಿಂದಲೇ ಸಣ್ಣದೋ, ಆಮೇಲೆ ಕೊಬ್ಬು ಕಟ್ಟಿ ಸಣ್ಣದಾಯಿತೋ? ಕೇಳಬೇಕಾದ ಪ್ರಶ್ನೆ ಇದು. ಉತ್ತರಕ್ಕೆ ನಾನು ಎಲುಬನ್ನು ನೋಡುತ್ತೇನೆ. ಬೆಳೆಯುವ ವಯಸ್ಸಿನಲ್ಲಿ ರಕ್ತನಾಳ ಎಷ್ಟು ದಪ್ಪವೋ, ಅದಕ್ಕೆ ತಕ್ಕ ತೂತು ಎಲುಬಿನಲ್ಲಿ ಆಗುತ್ತದೆ. ಸಿಟಿ ಸ್ಕ್ಯಾನಿನಲ್ಲಿ ಬಲಗಡೆಯ ತೂತುಗಳೂ ಎಡಕ್ಕಿಂತ ಸಣ್ಣಗಿದ್ದರೆ ಆ ರಕ್ತನಾಳ ಹುಟ್ಟಿನಿಂದಲೇ ಸಣ್ಣದು, ವಾದವೇ ಬೇಡ. ತೂತು ದೊಡ್ಡದಿದ್ದು ಒಳಗಿನ ನಾಳ ಮಾತ್ರ ಸಣ್ಣಗೆ ಕಂಡರೆ ಆಗ ನನ್ನ ಕಿವಿ ನಿಮಿರುತ್ತದೆ. ಇನ್ನೊಂದು, ಬುಡದಿಂದ ತುದಿಯವರೆಗೆ ಒಂದೇ ಸಮ ತೆಳ್ಳಗಿದೆಯೋ, ಒಂದೇ ಕಡೆ ಹಿಸುಕಿದ ಹಾಗಿದೆಯೋ ನೋಡಬೇಕು. ಮೊದಲನೆಯದು ಹುಟ್ಟುಗುಣ, ಎರಡನೆಯದು ಕಾಯಿಲೆ. ಇಂಜೆಕ್ಷನ್ ಕೊಡದೆ ಮಾಡುವ ಎಂಆರ್ ಆಂಜಿಯೋದಲ್ಲಿ ಹರಿಯುವ ರಕ್ತವೇ ಚಿತ್ರವಾಗುತ್ತದೆ. ರಕ್ತ ನಿಧಾನಕ್ಕೆ ಹರಿದರೆ ಚಿತ್ರ ಮಸುಕು. ಹೀಗಾಗಿ ಸಣ್ಣ ನಾಳ ಇನ್ನೂ ಸಣ್ಣಗೆ, ಕೆಲವೊಮ್ಮೆ ಇಲ್ಲವೇ ಇಲ್ಲ ಅನ್ನುವಂತೆ ಕಾಣುವುದುಂಟು. ನಿಮ್ಮ ಡಾಕ್ಟರಿಗೆ ಅನುಮಾನ ಬಂದರೆ ಕುತ್ತಿಗೆಯ ಡಾಪ್ಲರ್ (ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್) ಇಲ್ಲವೇ ಸಿಟಿ ಆಂಜಿಯೋ ಹೇಳುತ್ತಾರೆ. ಬರಲಿಲ್ಲ ಅಂದರೆ ನೀವಾಗಿ ಹೋಗಿ ಮಾಡಿಸುವುದು ಬೇಡ.

ಎಡಗಡೆಯ ಫೀಟಲ್ ಪಿಸಿಎ ವಿಷಯ ಇನ್ನೂ ಸರಳ. ತಾಯಿಯ ಹೊಟ್ಟೆಯಲ್ಲಿರುವಾಗ ಮೊದಮೊದಲು ನಮ್ಮೆಲ್ಲರ ಪಿಸಿಎಗೂ ರಕ್ತ ಬರುವುದು ಮುಂದಿನ ಕೆರೋಟಿಡ್‌ನಿಂದ. ಹಿಂದಲೆ, ಕಿರುಮೆದುಳು ಬೆಳೆದಂತೆ ಬೇಸಿಲಾರ್ ದಪ್ಪವಾಗಿ ಆ ಜವಾಬ್ದಾರಿ ವಹಿಸಿಕೊಳ್ಳುತ್ತದೆ, ಮುಂದಿನ ಸಂಪರ್ಕ ಸಣ್ಣದಾಗುತ್ತದೆ. ಕೆಲವರಲ್ಲಿ ಈ ಬದಲಾವಣೆ ಆಗುವುದಿಲ್ಲ. ಪೂರ್ತಿಯೋ ಅರೆಬರೆಯೋ ಲೆಕ್ಕ ಹಿಡಿದರೆ ನೂರರಲ್ಲಿ 20ರಿಂದ 30 ಜನರಿಗೆ ಒಂದು ಕಡೆಯಾದರೂ ಹೀಗಿರುತ್ತದೆ. ನೀವು ಕಾರಟಗಿಯವರು, ನಿಮಗೆ ಬೇಗ ಹೊಳೆಯುತ್ತದೆ: ಗದ್ದೆಗೆ ನೀರು ಯಾವ ಉಪಕಾಲುವೆಯಿಂದ ಬಂದರೇನು, ಪೈರಿಗೆ ನೀರು ಸಿಕ್ಕಿತಲ್ಲ. ಇಷ್ಟು ಮಾತ್ರ ನೆನಪಿರಲಿ. ನಿಮ್ಮ ತಂದೆಯ ಎಡಗಡೆಯ ಹಿಂದಲೆಗೆ ರಕ್ತ ಕುತ್ತಿಗೆಯ ಮುಂದಿನಿಂದ ಬರುತ್ತಿದೆ. ಮುಂದೆ ಎಂದಾದರೂ ಬಲಗಡೆಯ ನೋಟ ತಟ್ಟನೆ ಮಂಕಾದರೆ, ಡಾಕ್ಟರು ಹಿಂದಿನ ದಾರಿಯ ಜೊತೆಗೆ ಎಡ ಕೆರೋಟಿಡ್ಡನ್ನೂ ನೋಡಬೇಕು. ಅದಕ್ಕಾಗಿಯೇ ನಾವು ಇದನ್ನು ಬರೆದಿಡುವುದು. ಹಳೇ ರಿಪೋರ್ಟ್ ಎಸೆಯಬೇಡಿ.

ಹಾಗಾದರೆ ಸಣ್ಣ ನಾಳದಿಂದ ಏನೂ ಇಲ್ಲವಾ? ಪೂರ್ತಿ ಹಾಗೆ ಹೇಳಲಾರೆ. ಮೆದುಳಿನ ಹಿಂಭಾಗಕ್ಕೆ ಲಕ್ವಾ ಹೊಡೆದವರಲ್ಲಿ ಇಂಥ ಸಣ್ಣ ವರ್ಟಿಬ್ರಲ್ ಸ್ವಲ್ಪ ಜಾಸ್ತಿ ಕಾಣುತ್ತದೆ ಅನ್ನುವ ಅಧ್ಯಯನಗಳಿವೆ. ಕಾರಣ ಊಹಿಸಬಹುದು. ದೊಡ್ಡ ಕಡೆಯದಕ್ಕೆ ಏನಾದರೂ ಆದರೆ ಸಣ್ಣದು ಪೂರ್ತಿ ಭಾರ ಹೊರುವುದು ಕಷ್ಟ. ಆದರೆ ಆ ದೊಡ್ಡದನ್ನು ಹಾಳು ಮಾಡುವುದು ಯಾವುದು? ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಬೀಡಿ, ತಂಬಾಕು. ಸ್ಟೆಂಟ್ ಹಾಕುವುದು ಕೊಬ್ಬು ಕಟ್ಟಿ ಕಿರಿದಾದ ಜಾಗಕ್ಕೆ, ಅದೂ ಆಯ್ದ ಕೆಲವರಿಗೆ. ಹುಟ್ಟಿನಿಂದ ಸಣ್ಣಗಿರುವ ನಾಳವನ್ನು ಹಿಗ್ಗಿಸುವ ಚಿಕಿತ್ಸೆ ಇಲ್ಲ, ಬೇಕಾಗಿಯೂ ಇಲ್ಲ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ರಿಪೋರ್ಟ್ ಅಲ್ಲ, 'ಮಾತ್ರೆ ನೆನಪಾದಾಗ ತಗೊಳ್ತಾರೆ' ಅನ್ನುವ ಸಾಲು.

ಚಕ್ಕರ್‌ಗೆ ಕಾರಣ ಇನ್ನೂ ಸಿಕ್ಕಿಲ್ಲ ಅನ್ನುವುದನ್ನೂ ಮರೆಯಬೇಡಿ. ಕಿವಿ, ಬಿಪಿ ಏರಿಳಿತ, ರಕ್ತಹೀನತೆ, ಹೃದಯದ ಬಡಿತ ಎಲ್ಲ ನೋಡಿಸಬೇಕು. ರಿಪೋರ್ಟಿನಲ್ಲಿ ಏನೋ ಒಂದು ಸಿಕ್ಕಿತು ಅಂತ ಹುಡುಕಾಟ ಅಲ್ಲಿಗೇ ನಿಂತುಬಿಡುತ್ತದೆ, ಅದು ನನಗೆ ಬೇಸರದ ವಿಷಯ.

ಇನ್ನು ಯಾವಾಗ ಓಡಬೇಕು? ತಲೆಸುತ್ತಿನ ಜೊತೆ ಒಂದು ಎರಡಾಗಿ ಕಂಡರೆ, ಮಾತು ತೊದಲಿದರೆ, ನೀರು ನುಂಗಲು ಆಗದಿದ್ದರೆ, ಮುಖದ ಒಂದು ಪಕ್ಕ ಜೋಮು ಹಿಡಿದರೆ, ಹಿಡಿದುಕೊಂಡರೂ ನಿಲ್ಲಲಾಗದೆ ಒಂದೇ ಕಡೆ ವಾಲಿದರೆ, ಅರ್ಧ ನೋಟ ಹೋದರೆ. ಆಗ ಬೆಳಗಾಗಲಿ ಅಂತ ಕಾಯಬೇಡಿ. ಕೈಕಾಲು ಬಿದ್ದಿಲ್ಲ, ಬಾಯಿ ಸೊಟ್ಟಗಾಗಿಲ್ಲ, ಹಾಗಾಗಿ ಲಕ್ವಾ ಅಲ್ಲ ಅಂತ ಸುಮ್ನೆ ಇರುವವರು ಬಹಳ. ಹಿಂಭಾಗದ ಲಕ್ವಾಕ್ಕೆ ಕೈಕಾಲು ಬೀಳಲೇಬೇಕು ಅಂತಿಲ್ಲ. 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ತಲುಪಬೇಕು. ಬೇಸಿಲಾರ್ ಮುಚ್ಚಿಕೊಂಡಿದ್ದರೆ ತೊಡೆಯ ಇಲ್ಲವೇ ಮಣಿಕಟ್ಟಿನ ರಕ್ತನಾಳದಿಂದ ತಂತಿ ತೂರಿಸಿ ಹೆಪ್ಪು ಎಳೆಯುವ ಚಿಕಿತ್ಸೆಯೂ ಇದೆ. ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಅದರಿಂದ ಪ್ರಯೋಜನವಿದೆ ಅಂತ ಚೀನಾದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಆ ಸೌಲಭ್ಯ ದೊಡ್ಡ ಊರುಗಳಲ್ಲಿ ಮಾತ್ರ. ಹೈದರಾಬಾದಿಗೆ ಹೊರಡುವ ಸಂದರ್ಭ ಬಂದರೆ ಅದು, ಅದೂ ಇಲ್ಲಿ ಸ್ಕ್ಯಾನ್ ಆದ ಮೇಲೆ.

ಪ್ರ: ನನಗೆ ಎಡ ವರ್ಟಿಬ್ರಲ್ ಸಣ್ಣದು ಅಂತ ರಿಪೋರ್ಟ್ ಬಂದಿದೆ. ಇಬ್ಬರು ಮಕ್ಕಳಿಗೂ ಸ್ಕ್ಯಾನ್ ಮಾಡಿಸಬೇಕಾ?
– ಶಿಕ್ಷಕಿ, ಸಿರುಗುಪ್ಪ

ಉ: ಬೇಡ. ಆ ದುಡ್ಡಲ್ಲಿ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗಿಬನ್ನಿ.

ಪ್ರ: ಮೇಡಂ, ನಾನು ಜೀನ್ಸ್ ಹೊಲಿಯುವವನು, 27 ವರ್ಷ. ಬೆಳಗ್ಗೆಯಿಂದ ರಾತ್ರಿವರೆಗೆ ಮಷೀನ್ ಮೇಲೆ ಬಗ್ಗಿ ಕುತ್ತಿಗೆ ಕಲ್ಲಾಗಿರುತ್ತದೆ. ಭಾನುವಾರ ಕಟಿಂಗ್ ಅಂಗಡಿಯಲ್ಲಿ ತಲೆ ಮಾಲೀಷ್ ಮಾಡಿ ಕೊನೆಗೆ ಗದ್ದ ಹಿಡಿದು ಎರಡೂ ಕಡೆ ನೆಟಿಗೆ ತೆಗೀತಾರೆ. ಲಟ್ ಅಂದ ಮೇಲೆ ಏನು ಹಾಯ್ ಅನ್ನಿಸ್ತದೆ ಗೊತ್ತಾ! ಮದುವೆ ನಿಶ್ಚಯವಾದ ಹುಡುಗಿ ನರ್ಸಿಂಗ್ ಓದುತ್ತಾಳೆ, ಅದು ಬಿಡದಿದ್ದರೆ ಮದುವೆಯೇ ಬೇಡ ಅಂತಾಳೆ. ಅವಳದ್ದು ಜಾಸ್ತಿ ಆಯ್ತು ಅಲ್ವಾ?
– ಓದುಗ, ಬಳ್ಳಾರಿ

ಉ: ಇಲ್ಲ ತಮ್ಮಾ, ಅವಳು ಹೇಳಿದ್ದೇ ಸರಿ. ನಾನಾಗಿದ್ದರೂ ಅದೇ ಹೇಳುತ್ತಿದ್ದೆ.

ತಲೆ ಅತ್ತಿತ್ತ ತಿರುಗುವುದರಲ್ಲಿ ಸುಮಾರು ಅರ್ಧ ಪಾಲು ಕುತ್ತಿಗೆಯ ಮೊದಲ ಎರಡು ಎಲುಬುಗಳ ನಡುವೆಯೇ ಆಗುತ್ತದೆ. ವರ್ಟಿಬ್ರಲ್ ರಕ್ತನಾಳ ಸೊಟ್ಟಪಟ್ಟ ಬಳಸಿ ಹೋಗುವುದೂ ಸರಿಯಾಗಿ ಅಲ್ಲೇ. ಕೆಳಗೆ ಎಲುಬಿನ ತೂತುಗಳಲ್ಲಿ ಅದು ಹಿಡಿತದಲ್ಲಿರುತ್ತದೆ, ಮೇಲೆ ಬುರುಡೆಯ ಬಳಿ ಮತ್ತೆ ಬಿಗಿಯಾಗಿರುತ್ತದೆ, ನಡುವಿನ ಭಾಗ ಮಾತ್ರ ಸಡಿಲ. ಗದ್ದ ಹಿಡಿದು ರಪ್ಪನೆ ತಿರುಗಿಸಿದಾಗ ಎಳೆತ ಬೀಳುವುದು ಆ ಭಾಗಕ್ಕೆ. ಅಪರೂಪಕ್ಕೆ ರಕ್ತನಾಳದ ಒಳಪದರ ಹರಿಯುತ್ತದೆ. ಪದರಗಳ ನಡುವೆ ರಕ್ತ ತುಂಬಿಕೊಂಡು ದಾರಿ ಕಿರಿದಾಗುತ್ತದೆ, ಅಲ್ಲೇ ಹೆಪ್ಪುಗಟ್ಟಿ ಅದರ ಚೂರು ಮೆದುಳಿಗೆ ಹಾರುತ್ತದೆ. ನಿಮ್ಮ ವಯಸ್ಸಿನವರಿಗೆ ಲಕ್ವಾ ಬಂದರೆ ನಾವು ಮೊದಲು ಹುಡುಕುವ ಕಾರಣಗಳಲ್ಲಿ ಇದೊಂದು. ಎಂಆರ್‌ಐನಲ್ಲಿ ಕೊಬ್ಬಿನ ಹೊಳಪು ತೆಗೆದು ಒಂದು ಚಿತ್ರ ತೆಗೆಯುತ್ತೇವೆ. ಆ ರಕ್ತ ನಾಳದ ಪಕ್ಕದಲ್ಲಿ ಅರ್ಧಚಂದ್ರದ ಆಕಾರದಲ್ಲಿ ಬೆಳ್ಳಗೆ ಕಾಣುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಅಪರೂಪ ಅಂದೆನಲ್ಲ, ಅದು ನಿಜ. ವಾರವಾರ ನೆಟಿಗೆ ತೆಗೆಸಿಕೊಂಡು ಏನೂ ಆಗದೆ ಮುದುಕರಾದವರು ನಮ್ಮೂರಲ್ಲೇ ಬೇಕಾದಷ್ಟಿದ್ದಾರೆ. ಆದರೆ ನಿಮ್ಮ ಎರಡು ವರ್ಟಿಬ್ರಲ್‌ಗಳಲ್ಲಿ ಯಾವುದು ದೊಡ್ಡದು ಅಂತ ಕಟಿಂಗ್ ಅಂಗಡಿಯವನಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಒಂದು ಸಣ್ಣದಿರುವವನಿಗೆ ಇನ್ನೊಂದು ಹರಿದರೆ ನಷ್ಟ ದೊಡ್ಡದು. ಹಾಯ್ ಅನ್ನಿಸುವ ಒಂದು ಕ್ಷಣಕ್ಕೆ ಇದು ದುಬಾರಿ ವ್ಯಾಪಾರ. ಹಾಗಂತ ಸ್ಕ್ಯಾನ್ ಮಾಡಿಸಿ ನೋಡಿಕೊಂಡು ನೆಟಿಗೆ ತೆಗೆಸ್ತೀನಿ ಅನ್ನಬೇಡಿ ಮತ್ತೆ!

ಮಾಲೀಷ್ ಮಾಡಿಸಿಕೊಳ್ಳಿ, ತೊಂದರೆ ಇಲ್ಲ. ಕೂತ ಕೂಡಲೇ 'ಕುತ್ತಿಗೆ ತಿರುಗಿಸಬೇಡಣ್ಣ' ಅಂತ ಹೇಳಿಬಿಡಿ. ಮುಗಿದ ಮೇಲೆ ಹೇಳಲು ಹೊತ್ತು ಸಿಗುವುದಿಲ್ಲ, ಅವರ ಕೈ ಅಷ್ಟು ಚುರುಕು. ಮಷೀನಿನ ಎತ್ತರ ಸ್ವಲ್ಪ ಏರಿಸಿ. ಆಗಾಗ ಎದ್ದು ಭುಜ ಹಿಂದಕ್ಕೆ ತಿರುಗಿಸಿ. ಮತ್ತೆ, ನೆಟಿಗೆ ತೆಗೆಸಿದ ಮೇಲೆ ಹಿಂದೆಂದೂ ಬಾರದಂಥ ನೋವು ಕುತ್ತಿಗೆಯ ಒಂದು ಪಕ್ಕ, ಹಿಂದಲೆಯಲ್ಲಿ ಶುರುವಾದರೆ, ಅದು ಕೆಲವು ದಿನ ಬಿಟ್ಟು ಬಂದರೂ ಸರಿ, ಮುಲಾಮು ತಿಕ್ಕುತ್ತಾ ಕೂರಬೇಡಿ. ಬೇಗ ಗೊತ್ತಾದರೆ ಹೆಚ್ಚಿನವರಿಗೆ ಆಪರೇಷನ್ ಬೇಕಿಲ್ಲ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಕೆಲವು ತಿಂಗಳು ಕೊಟ್ಟರೆ ಪದರ ತಾನೇ ಕೂಡಿಕೊಳ್ಳುತ್ತದೆ.

ಪ್ರ: ನಮ್ಮ ಯಜಮಾನರಿಗೆ 66 ವರ್ಷ. ಒಂದು ದಿನ ಬೆಳಗ್ಗೆ ಎಷ್ಟು ಅಲುಗಾಡಿಸಿದರೂ ಏಳಲಿಲ್ಲ. ಕಣ್ಣು ಬಿಟ್ಟು ಹ್ಞೂಂ ಅಂದು ಮತ್ತೆ ನಿದ್ದೆ. ಕೈಕಾಲು ಎಲ್ಲ ಸರಿ ಆಡುತ್ತಿದ್ದವು. ಆಸ್ಪತ್ರೆಯಲ್ಲಿ ಶುಗರ್ ಕಮ್ಮಿ ಆಗಿದೆಯಾ ನೋಡಿದರು, ಕುಡಿಯುತ್ತಾರಾ, ನಿದ್ದೆ ಮಾತ್ರೆ ತಗೊಂಡರಾ ಅಂತ ಕೇಳಿದರು. ಸಿಟಿ ಸ್ಕ್ಯಾನ್ ನಾರ್ಮಲ್ ಅಂದರು. ಮಾರನೇ ದಿನ ಎಂಆರ್‌ಐ ಮಾಡಿ 'ಎರಡೂ ಕಡೆ ಸ್ಟ್ರೋಕ್ ಆಗಿದೆ, ಪರ್ಶರಾನ್ ಆರ್ಟರಿ' ಅಂದರು. ಈಗ ಮನೆಗೆ ಬಂದಿದ್ದಾರೆ. ರಿಟೈರ್ ಆಗಿ ಎಷ್ಟೋ ವರ್ಷ ಆಯಿತು, ಮಧ್ಯರಾತ್ರಿ ಎದ್ದು ಡ್ಯೂಟಿಗೆ ಹೊತ್ತಾಯ್ತು ಅಂತ ಟಿಫಿನ್ ಡಬ್ಬಿ ಹುಡುಕುತ್ತಾರೆ. ಮೊದಲ ದಿನ ಡಾಕ್ಟರು ತಪ್ಪು ಮಾಡಿದರಾ?
– ಗೃಹಿಣಿ, ರಾಯಚೂರು

ಉ: ಅಕ್ಕಾ, ನಿಮ್ಮ ಪತ್ರ ಎರಡು ಸಲ ಓದಿದೆ.

ಮೆದುಳಿನ ನಟ್ಟನಡುವೆ ಥಾಲಮಸ್ ಅಂತ ಒಂದು ಜೋಡಿ ಇದೆ, ಎಡಕ್ಕೊಂದು ಬಲಕ್ಕೊಂದು. ಎಚ್ಚರವಾಗಿರುವುದು, ಹೊಸದನ್ನು ನೆನಪಿಟ್ಟುಕೊಳ್ಳುವುದು ಇದರ ಕೆಲಸಗಳಲ್ಲಿ ಸೇರಿವೆ. ಹೆಚ್ಚಿನವರಲ್ಲಿ ಎಡದ್ದಕ್ಕೆ ಎಡಗಡೆಯ ಪಿಸಿಎಯಿಂದ, ಬಲದ್ದಕ್ಕೆ ಬಲಗಡೆಯ ಪಿಸಿಎಯಿಂದ ಕೂದಲೆಳೆಯಷ್ಟು ತೆಳು ನಾಳಗಳು ಬೇರೆ ಬೇರೆ ಹೋಗುತ್ತವೆ. ಕೆಲವೇ ಜನರಲ್ಲಿ ಒಂದೇ ಕಡೆಯಿಂದ ಒಂದೇ ನಾಳ ಹೊರಟು, ಕವಲೊಡೆದು ಎರಡಕ್ಕೂ ಹೋಗುತ್ತದೆ. ಫ್ರಾನ್ಸಿನ ವೈದ್ಯ ಪರ್ಶರಾನ್ 1973ರಲ್ಲಿ ಇದನ್ನು ವಿವರಿಸಿದರು, ಹಾಗಾಗಿ ಅವರ ಹೆಸರು. ಆ ಒಂದು ನಾಳ ಮುಚ್ಚಿಕೊಂಡರೆ ಎರಡೂ ಕಡೆ ಒಟ್ಟಿಗೇ ಪೆಟ್ಟು. ಮನುಷ್ಯ ಏಳುವುದಿಲ್ಲ. ಎದ್ದರೂ ಮೇಲೆ ಕೆಳಗೆ ನೋಡಲಾಗುವುದಿಲ್ಲ, ನೆನಪು ಕಲಸಿಹೋಗಿರುತ್ತದೆ. ಕೈಕಾಲಿಗೆ ಏನೂ ಆಗಿರದಿರಬಹುದು. ಬಾಯಿ ಸೊಟ್ಟಗಿಲ್ಲ, ಕೈ ಬಿದ್ದಿಲ್ಲ, ಯಾರಿಗೆ ತಾನೇ ಲಕ್ವಾ ನೆನಪಾಗುತ್ತದೆ?

ಡಾಕ್ಟರರ ವಿಷಯ. ಶುಗರ್ ನೋಡಿದ್ದು, ಕುಡಿತ ಕೇಳಿದ್ದು ಸರಿ. ನಮ್ಮ ಕಡೆ ಏಳದ ರೋಗಿ ಬಂದರೆ ಮೊದಲು ಅದೇ ನೋಡಬೇಕು. ಸಿಟಿ ನಾರ್ಮಲ್ ಅಂದದ್ದೂ ಸುಳ್ಳಲ್ಲ. ರಕ್ತ ನಿಂತು ಆದ ಲಕ್ವಾ ಮೊದಲ ಕೆಲವು ಗಂಟೆ ಸಿಟಿಯಲ್ಲಿ ಕಾಣದಿರುವುದು ಮಾಮೂಲು. ಹಿಂಭಾಗದಲ್ಲಂತೂ ಸುತ್ತಲಿನ ದಪ್ಪ ಎಲುಬಿನ ನೆರಳು ಬಿದ್ದು ಚಿತ್ರ ಇನ್ನೂ ಕೆಡುತ್ತದೆ. ಈ ನಾಳವೂ ಎಷ್ಟು ತೆಳು ಅಂದರೆ ಆಂಜಿಯೋದಲ್ಲೂ ಸಾಮಾನ್ಯವಾಗಿ ಕಾಣುವುದಿಲ್ಲ. ಪೆಟ್ಟು ಬಿದ್ದ ಜಾಗ ನೋಡಿ ನಾಳ ಇತ್ತು ಅಂತ ತಿಳಿಯಬೇಕು. ಎಂಆರ್‌ಐನ ಡಿಫ್ಯೂಷನ್ ಚಿತ್ರದಲ್ಲಿ ನಡುವಿನ ಗೆರೆಯ ಅಕ್ಕಪಕ್ಕ ಎರಡು ಬಿಳಿ ಚುಕ್ಕೆ, ಅಷ್ಟೇ. ಆ ದಿನವೇ ಎಂಆರ್‌ಐ ಆಗಿದ್ದರೆ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಕಾರಣವಿಲ್ಲದೆ ಏಳದ ರೋಗಿಯ ಕಣ್ಣಿನ ಚಲನೆ ನೋಡುವುದನ್ನು ಎಲ್ಲ ಕಡೆ ರೂಢಿ ಮಾಡಿಕೊಳ್ಳಬೇಕು, ಇದನ್ನು ನನ್ನ ಜೊತೆಯ ಡಾಕ್ಟರುಗಳಿಗೂ ಹೇಳುತ್ತಿರುತ್ತೇನೆ. ಆದರೆ ಮಾರನೇ ದಿನವಾದರೂ ಬಿಡದೆ ಎಂಆರ್‌ಐ ಮಾಡಿಸಿದರಲ್ಲ, 'ಸಿಟಿ ನಾರ್ಮಲ್, ಮನೆಗೆ ಹೋಗಿ' ಅನ್ನಲಿಲ್ಲವಲ್ಲ. ನೀವು ಬರೆದಷ್ಟರಲ್ಲಿ ನನಗೆ ನಿರ್ಲಕ್ಷ್ಯ ಕಾಣುವುದಿಲ್ಲ.

ಮುಂದಿನದು ಮುಖ್ಯ. ಆ ಹೆಪ್ಪು ಎಲ್ಲಿಂದ ಬಂತು? ಎಷ್ಟೋ ಸಲ ಹೃದಯದಿಂದ. ಬಡಿತದ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಒಂದು ಇಸಿಜಿಯಲ್ಲಿ ಸಿಗದೆ ತಪ್ಪಿಸಿಕೊಳ್ಳುತ್ತದೆ. ಹೃದಯದ ಎಕೋ ಆಗಿದೆಯಾ, 24 ಗಂಟೆ ಬಡಿತ ದಾಖಲಿಸುವ ಹೋಲ್ಟರ್ ಆಗಿದೆಯಾ ಕೇಳಿ. ಬರೆದುಕೊಟ್ಟ ಮಾತ್ರೆ ಒಂದು ದಿನವೂ ತಪ್ಪಿಸಬೇಡಿ. ನಿದ್ದೆ ತಿಂಗಳುಗಳಲ್ಲಿ ಕಡಿಮೆಯಾಗುವುದುಂಟು, ನೆನಪು ಸುಧಾರಿಸಲು ಇನ್ನೂ ಹೆಚ್ಚು ಕಾಲ ಬೇಕು. ಟಿಫಿನ್ ಡಬ್ಬಿ ಹುಡುಕುವಾಗ 'ರಿಟೈರ್ ಆಗಿದೀರಿ' ಅಂತ ವಾದ ಮಾಡಿ ಗೆಲ್ಲಲಾಗುವುದಿಲ್ಲ. ಇವತ್ತು ರಜೆ ಅಂದುಬಿಡಿ. ಹೊರಬಾಗಿಲ ಚಿಲಕ ಮಾತ್ರ ಮೇಲಿನದನ್ನು ಹಾಕಿಡಿ.

ಪ್ರ: ಎಪಿಎಂಸಿಯಲ್ಲಿ ಹಮಾಲಿ ಕೆಲಸ. 52 ವರ್ಷ. ಬೇಸಿಗೆ ಬಂದರೆ ಚಕ್ಕರ್. 'ಸರ್ವೈಕಲ್ ಆಗಿದೆ, ಎಲುಬು ಸವೆದು ರಕ್ತನಾಳ ಒತ್ತುತ್ತಿದೆ' ಅಂತ ಕುತ್ತಿಗೆಗೆ ಬೆಲ್ಟ್ ಕೊಟ್ಟಿದ್ದಾರೆ. ಬೆಲ್ಟ್ ಹಾಕಿಕೊಂಡು ಚೀಲ ಹೊರುವುದು ಹೇಗೆ?
– ಹಮಾಲಿ, ಬಳ್ಳಾರಿ (ಮಗಳ ಕೈಯಲ್ಲಿ ಬರೆಸಿದ್ದು)

ಉ: ಚೀಲ ಹೊತ್ತವರ ಕುತ್ತಿಗೆ ಎಲುಬು ಸವೆಯುವುದು ಮಾಮೂಲು. ನಿಮ್ಮ ವಯಸ್ಸಿನಲ್ಲಿ ಚೀಲ ಹೊರದ ನನ್ನಂಥವರ ಎಕ್ಸ್-ರೇಯಲ್ಲೂ ಸವೆತ ಕಾಣುತ್ತದೆ. ಎಲುಬಿನ ಮುಳ್ಳು ರಕ್ತನಾಳ ಒತ್ತಿ ತಲೆ ತಿರುಗುವುದು ಇದೆ, ಆದರೆ ತೀರಾ ಅಪರೂಪ. 1978ರಲ್ಲಿ ಬಿಲ್ಲು ಹೊಡೆಯುವ ಅಭ್ಯಾಸದಲ್ಲಿದ್ದ ಒಬ್ಬರಿಗೆ ಕುತ್ತಿಗೆ ತಿರುಗಿಸಿ ಹಿಡಿದು ಹೀಗಾದದ್ದು ವರದಿಯಾಗಿ, ಬಿಲ್ಲುಗಾರರ ಕಾಯಿಲೆ ಅಂತಲೇ ಹೆಸರು ಬಂತು. ಅದರ ಗುರುತು ಸ್ಪಷ್ಟ: ತಲೆಯನ್ನು ಒಂದೇ ಒಂದು ಕಡೆ ತಿರುಗಿಸಿದಾಗ ಮಾತ್ರ ಕಣ್ಣು ಕತ್ತಲೆ, ನೇರ ಮಾಡಿದರೆ ಸರಿ. ಹಾಗೆ ಆಗುವವರಲ್ಲಿ ಬಹಳ ಜನರಿಗೆ ಇನ್ನೊಂದು ಪಕ್ಕದ ವರ್ಟಿಬ್ರಲ್ ಹುಟ್ಟಿನಿಂದ ಸಣ್ಣದಿರುತ್ತದೆ. ಎರಡೂ ಚೆನ್ನಾಗಿದ್ದರೆ ಒಂದು ಒತ್ತಿದರೂ ಗೊತ್ತಾಗುವುದೇ ಇಲ್ಲ.

ನಿಮಗೆ ಬೇಸಿಗೆಯಲ್ಲಿ ಮಾತ್ರ ಚಕ್ಕರ್ ಅಂದರೆ ನನಗೆ ಬೇರೆ ಅನುಮಾನ. ನಮ್ಮೂರ ಏಪ್ರಿಲ್ ಬಿಸಿಲು, ಬೆವರು, ಅದರ ಮೇಲೆ ಬಿಪಿ ಮಾತ್ರೆ ಏನಾದರೂ ಇದೆಯಾ? ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಲು ಹೇಳಿ. ಇದಕ್ಕೆ ಎರಡೇ ನಿಮಿಷ ಸಾಕು, ಯಾರೂ ಮಾಡುವುದಿಲ್ಲ. ಶುಗರ್, ರಕ್ತ ಎಷ್ಟಿದೆ ಅಂತಲೂ ನೋಡಿಸಿ. ನೀರು ಜಾಸ್ತಿ ಕುಡಿಯಿರಿ, ಉಪ್ಪು ಹಾಕಿದ ಮಜ್ಜಿಗೆ ಎಷ್ಟು ಕುಡಿಯಬಹುದು ಅಂತ ಬಿಪಿ ನೋಡಿದವರನ್ನೇ ಕೇಳಿ. ಕೈಬೆರಳು ಜೋಮು, ಕೈಯಲ್ಲಿ ಹಿಡಿತ ತಪ್ಪುವುದು, ನಡಿಗೆ ಬಿಗಿ ಇದ್ದರೆ ಬೇರೆ ವಿಷಯ, ಆಗ ಚೀಲ ಹೊರುವುದು ನಿಲ್ಲಿಸಿ ನರರೋಗ ಡಾಕ್ಟರಿಗೆ ತೋರಿಸಿ. ಅದಿಲ್ಲದಿದ್ದರೆ ಆ ಬೆಲ್ಟಿನಿಂದ ಚಕ್ಕರ್ ನಿಲ್ಲುತ್ತದೆ ಅಂತ ನನಗೆ ನಂಬಿಕೆ ಇಲ್ಲ. ಕೊಟ್ಟವರನ್ನು ಒಮ್ಮೆ ಕೇಳಿ ತೆಗೆದಿಡಿ.

ಪ್ರ: ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಇಡೀ ಮನೆ ಗಿರ್ರನೆ ತಿರುಗುತ್ತದೆ. ಅರ್ಧ ನಿಮಿಷಕ್ಕೆ ನಿಲ್ಲುತ್ತದೆ. ಮೆದುಳಿನ ಹಿಂಭಾಗಕ್ಕೆ ರಕ್ತ ಕಡಿಮೆ ಅಂತ ಮಾತ್ರೆ ನುಂಗುತ್ತಿದ್ದೇನೆ. ಎಂಆರ್‌ಐ ಬೇಕಾ?
– ಅಜ್ಜಿ, ಮಾನ್ವಿ

ಉ: ಅಮ್ಮಾ, ನೀವು ಹೇಳಿದ್ದು ಮೆದುಳಿನದ್ದಲ್ಲ, ಬಹುತೇಕ ಕಿವಿಯದ್ದು. ಒಳಕಿವಿಯಲ್ಲಿ ಸುಣ್ಣದ ಸಣ್ಣ ಸಣ್ಣ ಹರಳುಗಳಿವೆ. ವಯಸ್ಸಾದ ಮೇಲೆ ಒಂದೆರಡು ಸಡಿಲವಾಗಿ ದೇಹದ ಸಮತೋಲ ನೋಡಿಕೊಳ್ಳುವ ಕೊಳವೆಯೊಳಗೆ ಜಾರುತ್ತವೆ. ಹೊರಳಿದಾಗ ಅವು ಉರುಳುತ್ತವೆ, ಉರುಳುವಷ್ಟು ಹೊತ್ತು ಮನೆ ತಿರುಗುತ್ತದೆ. ಇದಕ್ಕೆ ಮಾತ್ರೆಗಿಂತ ಕೈಚಿಕಿತ್ಸೆ ಮೇಲು. ಕಿವಿ ಡಾಕ್ಟರು ನಿಮ್ಮನ್ನು ಮಂಚದ ಮೇಲೆ ಕೂರಿಸಿ, ತಲೆ ಒಂದು ಪಕ್ಕ ತಿರುಗಿಸಿ, ಹಿಂದಕ್ಕೆ ಮಲಗಿಸಿ ಕಣ್ಣು ನೋಡುತ್ತಾರೆ. ಕಣ್ಣಗುಡ್ಡೆ ಅದುರಿದರೆ ಯಾವ ಕಿವಿ ಅಂತ ಗೊತ್ತಾಗುತ್ತದೆ. ಆಮೇಲೆ ಎಪ್ಲಿ ಅಂತ ಒಂದು ಕ್ರಮ, ತಲೆಯನ್ನು ನಿಧಾನವಾಗಿ ಹಂತಹಂತವಾಗಿ ತಿರುಗಿಸಿ ಹರಳನ್ನು ಹೊರಗೆ ಜಾರಿಸುತ್ತಾರೆ. ಎಷ್ಟೋ ಜನ ಒಂದೆರಡು ಸಲಕ್ಕೇ ಆರಾಮಾಗಿ ಮನೆಗೆ ಹೋಗುತ್ತಾರೆ. ಕುತ್ತಿಗೆ ನೋವಿದ್ದರೆ ಮೊದಲೇ ಹೇಳಿ. ಮೊಮ್ಮಗ ಮೊಬೈಲ್ ನೋಡಿ ಮಾಡ್ತೀನಿ ಅಂದರೆ ಬಿಡಬೇಡಿ. ಮತ್ತೆ ಎಂಆರ್‌ಐ ಬೇಡ. ಮಾಡಿಸಿದರೆ ನನ್ನಂಥವಳು ಯಾವುದೋ ಒಂದು ರಕ್ತನಾಳ ಸಣ್ಣದು ಅಂತ ಬರೆದು, ನೀವೂ ಕಾರಟಗಿಯವರ ಹಾಗೆ ಊಟ ಬಿಡುತ್ತೀರಿ.

ಪ್ರ: ಮ್ಯಾಮ್, ಮೊದಲ ವರ್ಷದ ಎಂಬಿಬಿಎಸ್. ಮೆದುಳಿನ ಬುಡದಲ್ಲಿ ರಕ್ತನಾಳಗಳು ಕೂಡಿ ಆಗುವ ಉಂಗುರ, ಸರ್ಕಲ್ ಆಫ್ ವಿಲ್ಲಿಸ್, ಪುಸ್ತಕದಲ್ಲಿ ಎಷ್ಟು ಚೆಂದ ಇದೆ. ನಮ್ಮ ಟೇಬಲ್ಲಿನ ದೇಹದಲ್ಲಿ ಹಾಗಿಲ್ಲ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ?
– ವಿದ್ಯಾರ್ಥಿನಿ, ಕೊಪ್ಪಳ

ಉ: ಪರೀಕ್ಷೆಯಲ್ಲಿ ಪುಸ್ತಕದ್ದು, ವೈವಾದಲ್ಲಿ ಟೇಬಲ್ಲಿನದು. ತಂಗಿ, ಆ ಚಿತ್ರ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1664ರಲ್ಲಿ ತಮ್ಮ ಗ್ರಂಥದಲ್ಲಿ ಹಾಕಿದ ಚಿತ್ರದ ವಂಶದ್ದು. ಆ ಗ್ರಂಥಕ್ಕೆ ಚಿತ್ರ ಬರೆದವರಲ್ಲಿ ಕ್ರಿಸ್ಟೋಫರ್ ರೆನ್ ಒಬ್ಬರು. ಮುಂದೆ ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ ಕಟ್ಟಿಸಿದ ವಾಸ್ತುಶಿಲ್ಪಿ ಅವರೇ. ಅಷ್ಟು ಅಂದವಾಗಿ ಬಂದದ್ದಕ್ಕೆ ಆಶ್ಚರ್ಯವಿಲ್ಲ. ಪುಸ್ತಕದ ಹಾಗೆ ಪೂರ್ತಿ ಕೂಡಿದ ಉಂಗುರ ಇರುವುದು ಅರ್ಧಕ್ಕಿಂತ ಕಡಿಮೆ ಜನರಲ್ಲಿ.

ನಿಮ್ಮ ಟೇಬಲ್ಲಿನಲ್ಲಿ ಏನೇನು ಹುಡುಕಬೇಕು ಹೇಳುತ್ತೇನೆ. ಎಡ ವರ್ಟಿಬ್ರಲ್ ನೇರವಾಗಿ ಮಹಾಧಮನಿಯ ಕಮಾನಿನಿಂದಲೇ ಹೊರಟಿದೆಯಾ ನೋಡಿ, ನೂರರಲ್ಲಿ ಸುಮಾರು ಐದು ಜನರಿಗೆ ಹಾಗಿರುತ್ತದೆ. ವರ್ಟಿಬ್ರಲ್‌ನಿಂದ ಕಿರುಮೆದುಳಿಗೆ ಹೋಗುವ ಕವಲು ಪೈಕಾ, ಅದು ಎರಡೂ ಕಡೆ ಇದೆಯಾ? ಕೆಲವರಲ್ಲಿ ಇರುವುದೇ ಇಲ್ಲ, ಅದರ ಕೆಲಸವನ್ನು ಬೇಸಿಲಾರ್‌ನಿಂದ ಕಿರುಮೆದುಳಿಗೆ ಹೋಗುವ ಕವಲು ಐಕಾ ಮಾಡುತ್ತಿರುತ್ತದೆ. ಇನ್ನು ಕೆಲವರಲ್ಲಿ ಸಣ್ಣ ವರ್ಟಿಬ್ರಲ್ ಬೇಸಿಲಾರ್‌ವರೆಗೆ ಹೋಗದೆ ಪೈಕಾ ಆಗಿಯೇ ಮುಗಿದುಬಿಡುತ್ತದೆ. ಬೇಸಿಲಾರ್ ನಡುವೆ ಸೀಳು ಇದೆಯಾ? ಭ್ರೂಣದ ಐದನೇ ವಾರದ ಹೊತ್ತಿಗೆ ಎರಡು ನಾಳಗಳು ಕೂಡಿ ಬೇಸಿಲಾರ್ ಆಗುತ್ತದೆ. ಎಲ್ಲೋ ಒಂದಿಷ್ಟು ಕೂಡದೆ ಉಳಿದರೆ ಅದು ಫೆನೆಸ್ಟ್ರೇಷನ್. ಸ್ಕ್ಯಾನಿನಲ್ಲಿ ಸಿಕ್ಕರೆ ಆ ಕವಲಿನ ಬುಡದಲ್ಲಿ ಉಬ್ಬು ಇದೆಯಾ ಅಂತ ಒಮ್ಮೆ ನೋಡಿ ಮುಂದೆ ಹೋಗುತ್ತೇವೆ.

ಅದೃಷ್ಟ ಇದ್ದರೆ ಕೆರೋಟಿಡ್‌ನಿಂದ ನೇರ ಬೇಸಿಲಾರ್‌ಗೆ ಬಂದು ಸೇರುವ ಟ್ರೈಜೆಮಿನಲ್ ಆರ್ಟರಿ ಕಾಣಬಹುದು. ಭ್ರೂಣದಲ್ಲಿ ಕೆಲವೇ ದಿನ ಇದ್ದು ಮುಚ್ಚಿಹೋಗಬೇಕಾದದ್ದು, ಸಾವಿರಕ್ಕೆ ಒಬ್ಬರಿಂದ ಆರು ಜನರಲ್ಲಿ ಉಳಿದುಬಿಡುತ್ತದೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಪಕ್ಕದಲ್ಲೇ ಹಾದುಹೋಗುವುದರಿಂದ ಅಲ್ಲಿ ಆಪರೇಷನ್ ಮಾಡುವವರಿಗೆ ಮೊದಲೇ ಗೊತ್ತಿರಬೇಕು. ಸಿಕ್ಕರೆ ನಿಮ್ಮ ಮೇಡಂ ಅನುಮತಿ ಕೇಳಿ ಪೆನ್ಸಿಲ್ಲಿನಲ್ಲಿ ಬರೆದಿಟ್ಟುಕೊಳ್ಳಿ. ಫೋಟೋ ತೆಗೆಯಬೇಡಿ, ಅದು ದಾನ ಕೊಟ್ಟವರ ದೇಹ.